ಅಲೆ ಅಲುಗಾಡಿಸಿದರೆ ಕಡಲ ತಳದ ಮಣ್ಣು ಸಡಿಲವಾಗುವುದಿಲ್ಲವೇ?

ಪ್ರಶ್ನೆ: ನಾನು ಚಿತ್ರದುರ್ಗದವನು. ಮನೆ ಮಹಡಿಯಿಂದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಕಾಣುತ್ತವೆ. ಅವು ಬಂಡೆ ಇರುವ ಗುಡ್ಡದ ಮೇಲೆ ನಿಂತಿವೆ, ಅದು ಅರ್ಥವಾಗುತ್ತದೆ. ಆದರೆ ಯುರೋಪಿನಲ್ಲಿ ಇದಕ್ಕಿಂತ ದೊಡ್ಡ ಯಂತ್ರಗಳನ್ನು ಸಮುದ್ರದೊಳಗೆ, ಮರಳು ಮತ್ತು ಕೆಸರಿನಲ್ಲಿ ನಿಲ್ಲಿಸುತ್ತಾರಂತೆ. ಗುಜರಾತ್, ತಮಿಳುನಾಡಿನ ಕಡಲಿಗೂ ಬರಲಿವೆಯಂತೆ. ಅಲೆ ಹಗಲೂ ರಾತ್ರಿ ಅಲುಗಾಡಿಸುತ್ತಿದ್ದರೆ ಕೆಳಗಿನ ಮಣ್ಣು ಸಡಿಲವಾಗುವುದಿಲ್ಲವೇ? ನಾವು ಗೂಟವನ್ನು ಆಚೀಚೆ ಅಲ್ಲಾಡಿಸಿಯೇ ಕೀಳುತ್ತೇವಲ್ಲ? ನನ್ನ ಮಗಳು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಈ ವಿಷಯದ ಮೇಲೆ ಕಾಲೇಜಿನಲ್ಲೇ ಪ್ರಾಜೆಕ್ಟ್ ಮಾಡಲು ಆಗುತ್ತದೆಯೇ?

ಉತ್ತರ:

ನೀವು ಗೂಟದ ಮಾತು ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ. ಗೂಟ ಕೀಳುವಾಗ ಎಷ್ಟು ಜೋರಾಗಿ ತಳ್ಳುತ್ತೇವೆ? ಮಣ್ಣು ತಡೆಯಲಾರದಷ್ಟು. ಪಕ್ಕದ ಮಣ್ಣು ಜರುಗುತ್ತದೆ, ಹಿಂದೆ ಸಂದು ಬೀಳುತ್ತದೆ. ಆಮೇಲೆ ಆಚೆ ಬದಿಯಿಂದ ಅಷ್ಟೇ ಜೋರಾಗಿ ತಳ್ಳುತ್ತೇವೆ. ಹತ್ತು ಸಲಕ್ಕೆ ಗೂಟ ಕೈಗೆ ಬರುತ್ತದೆ. ಅದೇ ಗೂಟಕ್ಕೆ ಕಟ್ಟಿದ ಕರು ದಿನವಿಡೀ ಹಗ್ಗ ಜಗ್ಗುತ್ತಿರುತ್ತದೆ. ಸಾವಿರ ಸಲ ಜಗ್ಗಿದರೂ ಗೂಟ ಅಲ್ಲೇ ಇರುತ್ತದೆ, ಅಲ್ವಾ? ಎಷ್ಟು ಸಲ ಪೆಟ್ಟು ಬಿತ್ತು ಅನ್ನುವುದಕ್ಕಿಂತ ಪೆಟ್ಟು ಎಷ್ಟು ದೊಡ್ಡದು ಅನ್ನುವುದೇ ಮಣ್ಣಿಗೆ ಮುಖ್ಯ. ಸಮುದ್ರದಲ್ಲಿ ಇನ್ನೊಂದು ಮಾತು ಸೇರಿಕೊಳ್ಳುತ್ತದೆ. ಎರಡು ಪೆಟ್ಟಿನ ನಡುವೆ ಮಣ್ಣಿನ ಸಂದುಗಳಲ್ಲಿರುವ ನೀರಿಗೆ ಹೊರಗೆ ಹೋಗಲು ಸಮಯ ಸಿಕ್ಕಿತೇ? ಇವೆರಡನ್ನೂ ಬಿಡಿಸಿ ನೋಡಿದರೆ ನಿಮ್ಮ ಅನುಮಾನ ಎಲ್ಲಿ ಸರಿ, ಎಲ್ಲಿ ಬೇಡ ಅನ್ನುವುದು ಗೊತ್ತಾಗುತ್ತದೆ.

ಮೊದಲು ಆ ಕಂಬದ ಗಾತ್ರ ನೋಡೋಣ. ಜಗತ್ತಿನ ಮೊದಲ ಕಡಲ ವಿಂಡ್ ಫಾರ್ಮ್ ಶುರುವಾಗಿದ್ದು 1991ರಲ್ಲಿ, ಡೆನ್ಮಾರ್ಕಿನ ವಿಂಡೆಬಿಯಲ್ಲಿ. ಅಲ್ಲಿದ್ದವು 11 ಯಂತ್ರಗಳು, ತಲಾ 450 ಕಿಲೋವ್ಯಾಟ್. ಭಾರದ ಕಾಂಕ್ರೀಟ್ ಪಾಯದ ಮೇಲೆ ಕೂತಿದ್ದವು. 2017ರಲ್ಲಿ ಅವನ್ನು ಬಿಚ್ಚಿದರು. ಇವತ್ತು ಕಡಲಿಗೆ ಇಳಿಯುವ ಒಂದೊಂದು ಯಂತ್ರವೂ 10 ಮೆಗಾವ್ಯಾಟ್ ದಾಟುತ್ತಿದೆ. ಇವುಗಳಲ್ಲಿ ಹೆಚ್ಚಿನವು ನಿಲ್ಲುವುದು ಮೊನೊಪೈಲ್ ಮೇಲೆ. ಅಂದರೆ ಒಂದೇ ಒಂದು ದೊಡ್ಡ ಉಕ್ಕಿನ ಕೊಳವೆ. ವ್ಯಾಸ 6ರಿಂದ 10 ಮೀಟರ್. ದೈತ್ಯ ಸುತ್ತಿಗೆಯಿಂದ ಹೊಡೆದು ಕಡಲ ತಳದೊಳಗೆ 20ರಿಂದ 40 ಮೀಟರ್ ಇಳಿಸುತ್ತಾರೆ. ಗಾತ್ರಕ್ಕೆ ಹೋಲಿಸಿದರೆ ಅದು ಹೂತಿರುವ ಆಳ ಕಡಿಮೆಯೇ. ಹಾಗಾಗಿ ಅದು ಬಳ್ಳಿಯ ಹಾಗೆ ಬಾಗುವುದಿಲ್ಲ. ಇಡೀ ಕೊಳವೆ ಒಂದೇ ತುಂಡಾಗಿ ಮಣ್ಣೊಳಗೆ ತಿರುಗಲು ನೋಡುತ್ತದೆ. ಮೇಲ್ಗಡೆ ಒಂದು ದಿಕ್ಕಿಗೆ ತಳ್ಳಿದರೆ ಕೆಳಗಿನ ತುದಿ ಉಲ್ಟಾ ದಿಕ್ಕಿಗೆ ಒದೆಯುತ್ತದೆ.

ಅದರ ಮೇಲೆ ಬೀಳುವ ಹೊರೆಯೂ ಬೇರೆಯೇ ತರ. ನಮ್ಮೂರ ಕಟ್ಟಡದ ಪಾಯಕ್ಕೆ ಕೆಳಮುಖದ ಭಾರವೇ ದೊಡ್ಡ ಚಿಂತೆ. ಸುಮಾರು 3.5 ಮೆಗಾವ್ಯಾಟಿನ ಕಡಲ ಯಂತ್ರಕ್ಕೆ ಎಂಜಿನಿಯರುಗಳು ಇಟ್ಟುಕೊಳ್ಳುವ ಮಾದರಿ ಲೆಕ್ಕ ನೋಡಿ. ಕೆಳಕ್ಕೆ ಬರುವ ಭಾರ 600 ಟನ್. ಗಾಳಿ ಮತ್ತು ಅಲೆ ಸೇರಿ ಅಡ್ಡಡ್ಡ ತಳ್ಳುವ ಬಲ 400 ಟನ್. ಆ ತಳ್ಳು ಬೀಳುವುದು ತಳದಿಂದ ಸುಮಾರು 30 ಮೀಟರ್ ಮೇಲೆ ಬಿದ್ದ ಹಾಗೆ. ಇಷ್ಟು ಹಗುರ ಇದ್ದು ಇಷ್ಟು ಜೋರಾಗಿ ಪಕ್ಕಕ್ಕೆ ತಳ್ಳಿಸಿಕೊಳ್ಳುವ ಕಟ್ಟಡ ಬೇರೆ ಸಿಗುವುದು ಕಷ್ಟ. ಜೋಗಿಮಟ್ಟಿಯ ಯಂತ್ರಕ್ಕೆ ಅಲೆ ಇಲ್ಲ, ಕೆಳಗೆ ಗಟ್ಟಿ ನೆಲ ಇದೆ. ಅಗಲವಾದ ಕಾಂಕ್ರೀಟ್ ರಾಫ್ಟ್ ಹಾಕಿದರೆ ಅದರ ತೂಕವೇ ಉರುಳದಂತೆ ಹಿಡಿದಿಡುತ್ತದೆ.

ಇನ್ನು ಎಷ್ಟು ಸಲ ಅನ್ನುವ ಲೆಕ್ಕ. 10 ಸೆಕೆಂಡಿಗೆ ಒಂದು ಅಲೆ ಅಂದುಕೊಳ್ಳಿ. ದಿನಕ್ಕೆ 8,640. ವರ್ಷಕ್ಕೆ 31 ಲಕ್ಷಕ್ಕೂ ಜಾಸ್ತಿ. 25 ವರ್ಷಕ್ಕೆ ಸುಮಾರು 8 ಕೋಟಿ. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಈ 8 ಕೋಟಿಯಲ್ಲಿ ಬಹುಪಾಲು ಕರು ಜಗ್ಗಿದ ತರದವು. ಮರಳಿನ ಕಣಗಳು ಒಂದರ ಮೇಲೊಂದು ಒತ್ತಿಕೊಂಡು ನಿಂತಿರುತ್ತವೆ. ಅಲುಗಾಟ ತೀರಾ ಸಣ್ಣದಾದರೆ ಆ ಕಣಗಳು ಮುಟ್ಟಿದ ಜಾಗದಲ್ಲೇ ಸ್ವಲ್ಪ ಒತ್ತಿಕೊಂಡು ಮತ್ತೆ ಮೊದಲಿನಂತಾಗುತ್ತವೆ. ಒಂದರ ಮೇಲೊಂದು ಜಾರುವುದಿಲ್ಲ. ಮರಳಿಗೆ ಈ ಗೆರೆ ಸುಮಾರು ಶೇ. 0.01ರಷ್ಟು ಓರೆಯಾಗುವಿಕೆ. ಅಂದರೆ 1 ಮೀಟರ್ ದಪ್ಪದ ಪದರ ಪಕ್ಕಕ್ಕೆ 0.1 ಮಿಲಿಮೀಟರ್ ಸರಿದಷ್ಟು. ಇದರೊಳಗೆ ಇದ್ದರೆ ಎಷ್ಟು ಸಲ ಅಲುಗಾಡಿಸಿದರೂ ಮರಳಿಗೆ ಹೆಚ್ಚೇನೂ ನೆನಪಿರುವುದಿಲ್ಲ. ಗೆರೆ ದಾಟಿದಾಗಲೇ ಕಣಗಳು ಜಾರಿ ಹೊಸ ಜಾಗ ಹುಡುಕುವುದು. ಹಾಗೆ ದಾಟಿಸುವುದು ಬಿರುಗಾಳಿಯ ದೊಡ್ಡ ಅಲೆಗಳು.

ಕಣಗಳು ಜಾರಿದ ಮೇಲೆ ಏನಾಗುತ್ತದೆ? ನಿಮ್ಮ ಪ್ರಶ್ನೆಯ ಹೂರಣ ಇರುವುದು ಇಲ್ಲೇ. ಅಲುಗಾಡಿದ ಮರಳು ಸಾಮಾನ್ಯವಾಗಿ ಇನ್ನಷ್ಟು ಒತ್ತಾಗಿ ಕೂರಲು ನೋಡುತ್ತದೆ. ಸಡಿಲ ಮರಳು ಜಾಸ್ತಿ, ಗಟ್ಟಿ ಮರಳು ಕಡಿಮೆ. ಒತ್ತಾಗಬೇಕಾದರೆ ಸಂದುಗಳಲ್ಲಿರುವ ನೀರು ಜಾಗ ಬಿಡಬೇಕು. ನೀರಿಗೆ ಸಮಯ ಸಿಕ್ಕರೆ ಅದು ಹೊರಗೆ ಹರಿಯುತ್ತದೆ, ಮರಳು ಮೊದಲಿಗಿಂತ ಗಟ್ಟಿಯಾಗುತ್ತದೆ. ಸಮಯ ಸಿಗದಿದ್ದರೆ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಆಗ ಕಣಗಳು ಹೊರಬೇಕಾದ ಭಾರದ ಒಂದು ಪಾಲನ್ನು ನೀರು ಹೊರುತ್ತದೆ. ಕಣ ಕಣದ ನಡುವಿನ ಒತ್ತು ಅಷ್ಟು ಕಡಿಮೆಯಾಗುತ್ತದೆ. ಮರಳಿನ ಶಕ್ತಿಯೆಲ್ಲ ಆ ಒತ್ತಿನಲ್ಲೇ ಇರುವುದು. ಒತ್ತು ಪೂರ್ತಿ ಹೋದರೆ ಮರಳು ದ್ರವದಂತೆ ಹರಿಯುತ್ತದೆ. 1964ರಲ್ಲಿ ಜಪಾನಿನ ನೀಗಾಟಾ ಭೂಕಂಪದಲ್ಲಿ ಅಪಾರ್ಟ್‌ಮೆಂಟುಗಳು ಮುರಿಯದೆ ಇಡಿಯಾಗಿ ವಾಲಿ ಮಲಗಿದ್ದು ಇದರಿಂದಲೇ. 2001ರ ಭುಜ್ ಭೂಕಂಪದಲ್ಲಿ ಕಚ್ಛದ ರಣದ ನೆಲದಿಂದ ಮರಳು ನೀರು ಚಿಮ್ಮಿದ್ದೂ ಇದೇ ಕಾರಣಕ್ಕೆ.

ಅಲೆಯಿಂದಲೂ ಹೀಗಾಗಬಹುದೇ ಎಂಬ ಚಿಂತೆ ಗಾಳಿಯಂತ್ರಕ್ಕಿಂತ ಹಳೆಯದು. 1973ರಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್ ತೈಲಕ್ಷೇತ್ರದಲ್ಲಿ ಸುಮಾರು 70 ಮೀಟರ್ ನೀರಿನಲ್ಲಿ ಭಾರೀ ಕಾಂಕ್ರೀಟ್ ತೈಲ ಟ್ಯಾಂಕ್ ಒಂದನ್ನು ಮರಳಿನ ಮೇಲೆ ಕೂರಿಸಿದರು. ಬಿರುಗಾಳಿಯ ಅಲೆ ಅದನ್ನು ಗಂಟೆಗಟ್ಟಲೆ ತೂಗಿದರೆ ಕೆಳಗಿನ ಮರಳು ದ್ರವವಾಗುವುದೇ ಎಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ಭೂಕಂಪದ ಲೆಕ್ಕವನ್ನು ಅಲೆಗೆ ಹೊಂದಿಸಿದರು. ವ್ಯತ್ಯಾಸ ಇರುವುದು ಸಮಯದಲ್ಲಿ. ಭೂಕಂಪ ಒಂದು ನಿಮಿಷದ ಆಟ, ನೀರಿಗೆ ಓಡಲು ಪುರಸೊತ್ತೇ ಇಲ್ಲ. ಬಿರುಗಾಳಿ ಒಂದೆರಡು ದಿನ ಬೀಸುತ್ತದೆ. ಒಂದು ಕಡೆ ಒತ್ತಡ ಏರುತ್ತಿರುತ್ತದೆ, ಇನ್ನೊಂದು ಕಡೆ ಸೋರಿ ಇಳಿಯುತ್ತಿರುತ್ತದೆ. ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಅನ್ನುವುದನ್ನೇ ಲೆಕ್ಕ ಹಾಕಬೇಕು.

ಇಲ್ಲಿ ಗಾತ್ರ ಎಷ್ಟು ಮುಖ್ಯ ನೋಡಿ. ಮರಳಿನಲ್ಲಿ ಕಂಬ ಅಡ್ಡ ಬಲಕ್ಕೆ ಹೇಗೆ ವರ್ತಿಸುತ್ತದೆ ಅನ್ನುವ ಹಳೆಯ ಸೂತ್ರಗಳು ಹುಟ್ಟಿದ್ದು ಅಮೆರಿಕದ ಟೆಕ್ಸಸ್‌ನ ಮಸ್ಟಾಂಗ್ ದ್ವೀಪದ ಪ್ರಯೋಗಗಳಿಂದ. ಅಲ್ಲಿನ ಕಂಬದ ವ್ಯಾಸ 0.61 ಮೀಟರ್. ದಶಕಗಟ್ಟಲೆ ತೈಲ ವೇದಿಕೆಗಳಿಗೆ ಅವೇ ಸೂತ್ರ ಬಳಸಿದರು, ಸಾಕಾಗುತ್ತಿತ್ತು. ಅದನ್ನೇ 8 ಮೀಟರಿನ ಮೊನೊಪೈಲಿಗೆ ಹಚ್ಚಿದರೆ? ವ್ಯಾಸ 13 ಪಟ್ಟು. ನೀರು ಸೋರಿಹೋಗುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾದರೆ ಅದೇ ಮರಳಿನಲ್ಲಿ ಸುಮಾರು 170 ಪಟ್ಟು ಹೆಚ್ಚು ಸಮಯ ಬೇಕು. ಸಣ್ಣ ಕಂಬದ ಸುತ್ತ ಅಲೆ ಹೋಗಿ ಬರುವುದರೊಳಗೆ ಸೋರುತ್ತಿದ್ದ ನೀರು ದೊಡ್ಡ ಕಂಬದ ಸುತ್ತ ಅರ್ಧಂಬರ್ಧ ಸಿಕ್ಕಿಕೊಳ್ಳುತ್ತದೆ. ಮರಳು ಬದಲಾಗಿಲ್ಲ, ಅಲೆ ಬದಲಾಗಿಲ್ಲ, ವರ್ತನೆ ಬದಲಾಯಿತು. ಆ ಹಳೆಯ ಸೂತ್ರದಲ್ಲಿ ಅಲೆಯ ಪರಿಣಾಮಕ್ಕೆ ಇಟ್ಟಿದ್ದು 0.9 ಎಂಬ ಒಂದೇ ಗುಣಕ. ನೂರು ಅಲೆಯೋ ಕೋಟಿ ಅಲೆಯೋ ಅದು ಕೇಳುವುದೇ ಇಲ್ಲ. ಇಂದಿನ ಕೆಲಸಕ್ಕೆ ಅದು ಸಾಲದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಕೊರತೆ ತುಂಬಲೆಂದೇ ಆಕ್ಸ್‌ಫರ್ಡ್, ಇಂಪೀರಿಯಲ್ ಕಾಲೇಜು ಮತ್ತು ಡಬ್ಲಿನ್‌ನ ಸಂಶೋಧಕರು ಸೇರಿ ಪೀಸಾ ಎಂಬ ಯೋಜನೆ ನಡೆಸಿದರು. ಇಂಗ್ಲೆಂಡಿನ ಕೌಡನ್‌ನ ಗಟ್ಟಿ ಜೇಡಿಯಲ್ಲಿ, ಫ್ರಾನ್ಸಿನ ಡನ್‌ಕರ್ಕ್‌ನ ಒತ್ತು ಮರಳಿನಲ್ಲಿ 2 ಮೀಟರ್ ವ್ಯಾಸದವರೆಗಿನ ಕಂಬಗಳನ್ನು ತಳ್ಳಿ ನೋಡಿದರು. ಗಿಡ್ಡ, ದಪ್ಪ ಕಂಬಕ್ಕೆ ಬುಡದಲ್ಲೂ ಮೈಯ ಉದ್ದಕ್ಕೂ ಹಳೆಯ ಸೂತ್ರ ಎಣಿಸದ ತಡೆ ಸಿಗುತ್ತದೆ ಎಂದು ತಿಳಿಯಿತು. ಅಲ್ಲಿ ಹೆಚ್ಚಿನ ಪರೀಕ್ಷೆಗಳು ಒಂದೇ ದಿಕ್ಕಿಗೆ ತಳ್ಳಿದವು. ಮತ್ತೆ ಮತ್ತೆ ತಳ್ಳುವುದರ ಲೆಕ್ಕಕ್ಕೆ ಬೇರೆ ಪ್ರಯೋಗಗಳು ಬೇಕಾದವು.

ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಲೆಬ್ಲಾಂಕ್, ಹೌಲ್ಸ್‌ಬಿ, ಬೈರ್ನ್ ಮೂವರು 2010ರಲ್ಲಿ ಪ್ರಕಟಿಸಿದ ಕೆಲಸ. ಪ್ರಯೋಗಾಲಯದಲ್ಲಿ ಮರಳಿನ ಪೆಟ್ಟಿಗೆ, ಅದರಲ್ಲಿ ಸಣ್ಣ ಕಂಬ, ಸರಳವಾದ ಯಂತ್ರದಿಂದ ಸಾವಿರಾರು ಸಲ ತಳ್ಳು. ಕಂಬದ ವಾಲಿಕೆ ನಿಲ್ಲದೆ ಬೆಳೆಯುತ್ತದೆ, ಆದರೆ ಬರಬರುತ್ತ ನಿಧಾನವಾಗುತ್ತದೆ. ಮೊದಲ ತಳ್ಳಿನ ನಂತರ ಕೂಡಿಬರುವ ವಾಲಿಕೆ ತಳ್ಳುಗಳ ಸಂಖ್ಯೆಯ 0.31ನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ಅವರು ತೋರಿಸಿದರು. ಬಿಡಿಸಿ ಹೇಳುವುದಾದರೆ, ತಳ್ಳುಗಳು 10 ಪಟ್ಟಾದಾಗ ಹೀಗೆ ಕೂಡಿದ ವಾಲಿಕೆ ಸುಮಾರು 2 ಪಟ್ಟಾಗುತ್ತದೆ. 100 ಪಟ್ಟಾದಾಗ 4 ಪಟ್ಟು. ಕಂಬದ ಸುತ್ತಲ ಮರಳು ಸಡಿಲವಾಗುವ ಬದಲು ಬಿಗಿಯಾಗುತ್ತಲೇ ಹೋಯಿತು ಎಂಬುದೂ ಅಲ್ಲಿ ಕಂಡಿತು. ಇನ್ನೊಂದು ಸಂಗತಿ ನಿಮ್ಮ ಗೂಟಕ್ಕೆ ನೇರವಾಗಿ ಸೇರಿದ್ದು. ಎರಡೂ ಕಡೆ ಸಮನಾಗಿ ತಳ್ಳಿದರೆ ಕಂಬ ಯಾವ ಕಡೆಗೂ ಹೆಚ್ಚು ವಾಲುವುದಿಲ್ಲ. ಒಂದೇ ಕಡೆ ತಳ್ಳಿ ಬಿಟ್ಟರೆ ವಾಲುತ್ತದೆ. ಎಲ್ಲಕ್ಕಿಂತ ಜಾಸ್ತಿ ವಾಲುವುದು ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ಅದಕ್ಕಿಂತ ಸ್ವಲ್ಪ ಕಡಿಮೆ ತಳ್ಳಿದಾಗ. ಕಡಲಿನಲ್ಲಿ ಗಾಳಿ ಒಂದೇ ಕಡೆ ಒತ್ತಿ ಹಿಡಿದಿರುತ್ತದೆ, ಅಲೆ ಮುಂದೆ ಹಿಂದೆ ತೂಗುತ್ತದೆ. ಎರಡೂ ಸೇರಿದರೆ ಇಂಥ ಓರೆ ತಳ್ಳೇ ಸಿಗುತ್ತದೆ.

ಜೇಡಿಮಣ್ಣಿನ ಕಥೆ ಬೇರೆ. ಜೇಡಿಯ ಸಂದುಗಳು ಎಷ್ಟು ಸಣ್ಣವೆಂದರೆ ಬಿರುಗಾಳಿ ಮುಗಿಯುವವರೆಗೂ ನೀರು ಅಲ್ಲಾಡುವುದಿಲ್ಲ. ಏರಿದ ಒತ್ತಡ ಏರಿದಂತೆಯೇ ಕೂಡುತ್ತಾ ಹೋಗುತ್ತದೆ. ಪ್ರತಿ ದೊಡ್ಡ ಅಲೆಗೂ ಮಣ್ಣು ಸ್ವಲ್ಪ ಮೆತ್ತಗಾಗುತ್ತದೆ, ಓರೆಯಾಗುವುದು ಬೆಳೆಯುತ್ತದೆ. ಮೇಲ್ಭಾಗದಲ್ಲಿ ಕಂಬದ ಹಿಂದೆ ಸಂದು ಬಿದ್ದು ಅಲೆ ಅಲೆಗೂ ನೀರು ಒಳಗೆ ಹೊರಗೆ ನುಗ್ಗಿ ಮಣ್ಣನ್ನು ತೊಳೆಯಬಹುದು. ಗೂಟದ ನಿಜವಾದ ನೆಂಟ ಇದೇ. ಆದರೆ ಜೇಡಿಗೆ ಎರಡು ಒಳ್ಳೆಯ ಗುಣಗಳೂ ಇವೆ. ಬೇಗನೆ ತಳ್ಳಿದರೆ ಅದು ನಿಧಾನದ ತಳ್ಳಿಗಿಂತ ಹೆಚ್ಚು ತಡೆಯುತ್ತದೆ. ವೇಗ 10 ಪಟ್ಟಾದರೆ ಶಕ್ತಿ ಸುಮಾರು ಶೇ. 10 ಏರುತ್ತದೆ ಎಂಬುದು ರೂಢಿಯ ಲೆಕ್ಕ. ಇನ್ನೊಂದು, ಹೆಚ್ಚು ಜಿಗುಟಿನ ಜೇಡಿ ಮರಳಿಗಿಂತ ದೊಡ್ಡ ಅಲುಗಾಟವನ್ನು ಸಹಿಸುತ್ತದೆ. ನಮ್ಮ ಕಡೆಯ ಎರೆಮಣ್ಣು ಹಸಿಯಿದ್ದಾಗ ಎಷ್ಟು ಜಿಗುಟು ಅಂತ ನಿಮಗೆ ಹೇಳಬೇಕಿಲ್ಲ. ಮನೆ ಕಟ್ಟುವವರಿಗೆ ಅದು ಶತ್ರು, ಏಕೆಂದರೆ ಉಬ್ಬುತ್ತದೆ, ಬಿರಿಯುತ್ತದೆ. ಸದಾ ನೀರಿನಲ್ಲೇ ಇರುವ ಕಡಲ ತಳದಲ್ಲಿ ಆ ಉಬ್ಬು ಬಿರುಕಿನ ಮಾತಿಲ್ಲ, ಜಿಗುಟಿನ ಲಾಭ ಮಾತ್ರ ಸಿಗುತ್ತದೆ. ನನ್ನ ಕೇಳಿದರೆ ಅಪಾಯ ಹೆಚ್ಚು ಇರುವುದು ಮರಳೂ ಅಲ್ಲದ, ಜಿಗುಟು ಜೇಡಿಯೂ ಅಲ್ಲದ ನಡುವಿನ ಹೂಳಿನಲ್ಲಿ. ಅದಕ್ಕೆ ಜಿಗುಟೂ ಇಲ್ಲ, ನೀರು ಬೇಗ ಬಿಡುವ ಗುಣವೂ ಇಲ್ಲ.

ಜೇಡಿಯ ಲೆಕ್ಕಕ್ಕೆ ನಾರ್ವೆಯ ಜಿಯೋಟೆಕ್ನಿಕಲ್ ಸಂಸ್ಥೆಯಲ್ಲಿ ಕ್ನುಟ್ ಆಂಡರ್ಸನ್ ಅವರು ಬೆಳೆಸಿದ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಡ್ರಾಮೆನ್ ಪಟ್ಟಣದ ಜೇಡಿಯ ಮೇಲೆ ನೂರಾರು ಪರೀಕ್ಷೆ ಮಾಡಿ ನಕ್ಷೆ ಬರೆದಿದ್ದಾರೆ. ನಿಂತ ಹೊರೆ ಇಷ್ಟು, ತೂಗುವ ಹೊರೆ ಇಷ್ಟು, ಇಷ್ಟು ಸಲ ತೂಗಿದರೆ ಮಣ್ಣು ಎಷ್ಟು ಓರೆಯಾಗುತ್ತದೆ ಎಂದು ಆ ನಕ್ಷೆಯಲ್ಲಿ ಓದಬಹುದು. ಜರ್ಮನಿಯ ಕಡಲಿನ ವಿನ್ಯಾಸಗಳಲ್ಲಿ 35 ಗಂಟೆಯ ಬಿರುಗಾಳಿಯನ್ನು ಮಾದರಿಯಾಗಿ ಇಟ್ಟುಕೊಂಡು, ಅದರ ಅಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಹೆಜ್ಜೆ ಹೆಜ್ಜೆಯಾಗಿ ಹೀಗೆ ಓದುತ್ತಾ ಹೋಗುತ್ತಾರೆ. 8 ಕೋಟಿ ಅಲೆಗಳ ಚಿಂತೆ ಕೊನೆಗೆ ಕೆಲವು ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ.

ಹಾಗಾದರೆ ಕಂಬ ಬೀಳುತ್ತದೆಯೇ? ಸರಿಯಾಗಿ ವಿನ್ಯಾಸ ಮಾಡಿದ ಕಂಬದ ಮಣ್ಣು ಪೂರ್ತಿ ಸೋಲುವುದಕ್ಕೆ ಬಹಳ ಮೊದಲೇ ಬೇರೆ ಎರಡು ಮಿತಿಗಳು ಅಡ್ಡ ಬರುತ್ತವೆ. ಮೊದಲನೆಯದು ವಾಲಿಕೆ. ಜೀವಮಾನವಿಡೀ ಅಲೆ, ಗಾಳಿಯಿಂದ ಕೂಡಿಬರುವ ಕಾಯಂ ವಾಲಿಕೆ 0.25 ಡಿಗ್ರಿ ದಾಟಬಾರದು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ನೆಡುವಾಗಲೇ ಆದ ಸೊಟ್ಟಕ್ಕೆ ಇನ್ನೊಂದು 0.25 ಡಿಗ್ರಿ ಬಿಡುತ್ತಾರೆ. 0.25 ಡಿಗ್ರಿ ಎಂದರೆ 100 ಮೀಟರ್ ಎತ್ತರದಲ್ಲಿ ಸುಮಾರು 44 ಸೆಂಟಿಮೀಟರ್. ಕಣ್ಣಿಗೆ ಕಾಣುವುದೂ ಕಷ್ಟ.

ಎರಡನೆಯದು ತೂಗಾಟದ ಲಯ. ಇದು ನನಗೆ ವಾಲಿಕೆಗಿಂತ ದೊಡ್ಡ ವಿಷಯ. ಕಂಬ, ಗೋಪುರ, ಯಂತ್ರ ಸೇರಿ ಅದಕ್ಕೊಂದು ಸಹಜ ಆವರ್ತನ ಇರುತ್ತದೆ, ಅಂದರೆ ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತಾನಾಗಿ ತೂಗಾಡುತ್ತದೆ ಅನ್ನುವ ಲೆಕ್ಕ. ಇದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ರೆಕ್ಕೆಗಳು ನಿಮಿಷಕ್ಕೆ 6ರಿಂದ 12 ಸುತ್ತು ಹೊಡೆದರೆ ಅದು 0.1ರಿಂದ 0.2 ಹರ್ಟ್ಸ್. ದೊಡ್ಡ ಅಲೆಗಳೂ 0.1 ಹರ್ಟ್ಸ್ ಆಸುಪಾಸಿನಲ್ಲೇ. ಮೂರು ರೆಕ್ಕೆಗಳು ಒಂದಾದ ಮೇಲೊಂದು ಗೋಪುರದ ಮುಂದೆ ಹಾಯುವುದರಿಂದ 0.3 ಹರ್ಟ್ಸ್‌ನಿಂದ ಮೇಲೆ ಇನ್ನೊಂದು ತಟ್ಟು. ಈ ಎರಡರ ನಡುವಿನ ಇಕ್ಕಟ್ಟಿನ ಕಿಂಡಿಯಲ್ಲಿ ಕಂಬದ ಆವರ್ತನವನ್ನು ಕೂರಿಸಬೇಕು. ಮಣ್ಣು ಮೆತ್ತಗಾದರೆ ಆವರ್ತನ ಇಳಿದು ಅಲೆಯ ಹತ್ತಿರ ಬರುತ್ತದೆ. ಕಂಬದ ಬುಡದ ಮರಳನ್ನು ನೀರಿನ ಸೆಳೆತ ಕೊರೆದು ಗುಂಡಿ ಮಾಡಿದರೂ ಇಳಿಯುತ್ತದೆ. ಈ ಗುಂಡಿ ಕಂಬದ ವ್ಯಾಸದ 1.3 ಪಟ್ಟು ಆಳ ಹೋಗಬಲ್ಲದು, ಅದಕ್ಕೇ ಸುತ್ತ ಕಲ್ಲು ಸುರಿಯುತ್ತಾರೆ. ಮರಳು ಗಟ್ಟಿಯಾದರೆ ಆವರ್ತನ ಏರಿ ರೆಕ್ಕೆಯ ತಟ್ಟಿನ ಹತ್ತಿರ ಹೋಗುತ್ತದೆ. ಮಣ್ಣು ಬಲವಾದರೂ ತೊಂದರೆಯೇ! ಲಯ ಕೂಡಿತೆಂದರೆ ಸುಸ್ತಾಗುವುದು ಉಕ್ಕು. ಬೆಸುಗೆಗಳ ಆಯಸ್ಸು ಕಡಿಮೆಯಾಗುತ್ತದೆ. ಯುರೋಪಿನ ಹಲವು ಕಡೆ ಅಳೆದು ನೋಡಿದಾಗ ಸಿಕ್ಕ ಆವರ್ತನ ಹಳೆಯ ಸೂತ್ರಗಳ ಲೆಕ್ಕಕ್ಕಿಂತ ಮೇಲೇ ಇತ್ತು. ನೆಲ ನಾವು ಎಣಿಸಿದ್ದಕ್ಕಿಂತ ಬಿಗಿಯಾಗಿತ್ತು ಅಂತ ಅರ್ಥ.

ನಮ್ಮ ದೇಶದ ವಿಷಯಕ್ಕೆ ಬರೋಣ. ಕಡಲ ಪವನ ವಿದ್ಯುತ್ ನೀತಿ ಬಂದದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಗೆ ಒಪ್ಪಿತು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟ್ ಗುರಿ. ಖಂಭಾತ್ ಕೊಲ್ಲಿಯಲ್ಲಿ ಮೇಲ್ಪದರ ಮೆತ್ತನೆಯ ಜೇಡಿ. ಅದರ ಜತೆಗೆ ಗುಜರಾತಿಗೆ ಭೂಕಂಪದ ಭಯವೂ ಇದೆ. ಉತ್ತರ ಸಮುದ್ರದ ಒತ್ತು ಮರಳಿಗೆ ಬರೆದ ಸೂತ್ರವನ್ನು ಸುಮ್ನೆ ತಂದು ಇಲ್ಲಿ ಅಂಟಿಸಿದರೆ ನಡೆಯುವುದಿಲ್ಲ. ನಮ್ಮ ತಳದ ಮಣ್ಣನ್ನೇ ಕೆಡದಂತೆ ಎತ್ತಿ ತಂದು ಅಲುಗಾಡಿಸಿ ನೋಡಬೇಕು. ಐಐಟಿ ಬಾಂಬೆಯಲ್ಲಿ ದೊಡ್ಡ ಸೆಂಟ್ರಿಫ್ಯೂಜ್ (ಸಣ್ಣ ಮಾದರಿಯನ್ನು ಗರಗರ ತಿರುಗಿಸಿ ಅದರ ಮಣ್ಣಿಗೆ ನಿಜವಾದ ಆಳದಲ್ಲಿರುವಷ್ಟು ಭಾರ ಬರಿಸುವ ಯಂತ್ರ) ಇದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಣ್ಣನ್ನು ಅಲುಗಾಡಿಸಿ ಪರೀಕ್ಷಿಸುವ ಉಪಕರಣಗಳಿವೆ. ಇಂಥ ಪರೀಕ್ಷೆಗೆ ಖರ್ಚು ಮಾಡಲು ಹಿಂದೆಮುಂದೆ ನೋಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮಣ್ಣು ಗೊತ್ತಿಲ್ಲದೆ ವಿನ್ಯಾಸ ಮಾಡಿದರೆ ಆ ಭಯಕ್ಕೆ ಉಕ್ಕು ಸುರಿಯಬೇಕಾಗುತ್ತದೆ, ಅದು ಇನ್ನೂ ದುಬಾರಿ.

ನಿಮ್ಮ ಮಗಳು ಖಂಡಿತ ಪ್ರಾಜೆಕ್ಟ್ ಮಾಡಬಹುದು. ಕಾಲೇಜಿನ ಮಣ್ಣಿನ ಲ್ಯಾಬ್ ಸಾಕು. ಸುಮಾರು 60 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಗಟ್ಟಿ ತೊಟ್ಟಿ ಬೇಕು. 5 ಸೆಂಟಿಮೀಟರ್ ವ್ಯಾಸದ ಪೈಪು, 25 ಸೆಂಟಿಮೀಟರ್ ಹೂಳಬೇಕು. ತೊಳೆದು ಜರಡಿ ಹಿಡಿದ ನದಿ ಮರಳು, ಒಂದು ನಿಧಾನದ ಗೇರ್ ಮೋಟಾರು, ರಾಟೆ, ತೂಕದ ಬಿಲ್ಲೆಗಳು, ಕಂಬ ಸರಿದದ್ದನ್ನು ಅಳೆಯಲು ಎರಡು ಡಯಲ್ ಗೇಜ್. ಮೊದಲು ಒಮ್ಮೆ ನಿಧಾನವಾಗಿ ತಳ್ಳಿ ಕಂಬದ ಪೂರ್ತಿ ಶಕ್ತಿ ಎಷ್ಟು ಎಂದು ಅಳೆಯಲಿ. ಆಮೇಲೆ ಪ್ರತಿ ಸಲವೂ ಹೊಸದಾಗಿ ಮರಳು ತುಂಬಿ, ಆ ಶಕ್ತಿಯ ಶೇ. 20, 30, 40ರಷ್ಟು ಹೊರೆಯಲ್ಲಿ ಸಾವಿರಾರು ಸಲ ತಳ್ಳಲಿ. 1, 10, 100, 1000, 10,000ನೇ ತಳ್ಳಿನಲ್ಲಿ ವಾಲಿಕೆ ಬರೆದುಕೊಂಡು, ಮೊದಲ ತಳ್ಳಿನದನ್ನು ಉಳಿದವುಗಳಿಂದ ಕಳೆದು, ಎರಡೂ ಬದಿ ಲಾಗ್ ಅಳತೆಯಿರುವ ಕಾಗದದ ಮೇಲೆ ಚುಕ್ಕಿ ಇಡಲಿ. ಗೆರೆ ನೇರವಾಗಿ ಬಂದರೆ ಅದರ ಇಳಿಜಾರೇ ಅವಳ ಘಾತ. ಅದನ್ನು 0.31ರ ಪಕ್ಕದಲ್ಲಿಟ್ಟು ನೋಡಲಿ.

ಎರಡು ಎಚ್ಚರಿಕೆ. ತೊಟ್ಟಿಯಲ್ಲಿ ಮರಳಿನ ಮೇಲಿನ ಭಾರ ತೀರಾ ಕಡಿಮೆ. ಅಷ್ಟು ಕಡಿಮೆ ಒತ್ತಡದಲ್ಲಿ ಗಟ್ಟಿ ಮರಳು ನಿಜಕ್ಕಿಂತ ಹೆಚ್ಚು ಬಲವಾಗಿ ತೋರುತ್ತದೆ. ಹಾಗಾಗಿ ಕಡಲಿನ ಗಟ್ಟಿ ಮರಳನ್ನು ತೋರಿಸಲು ತೊಟ್ಟಿಯಲ್ಲಿ ಸಡಿಲ ಮರಳನ್ನೇ ಬಳಸಬೇಕು. ಲೆಬ್ಲಾಂಕ್ ತಂಡದವರೂ ಹಾಗೇ ಮಾಡಿದ್ದು. ಇನ್ನೊಂದು, ಕಂಬ ತೊಟ್ಟಿಯ ಗೋಡೆಗೆ ಹತ್ತಿರ ಇರಬಾರದು. ಒಣ ಮರಳಿನಲ್ಲಿ ಕೈ ಪಳಗಿದ ಮೇಲೆ ಅದೇ ತೊಟ್ಟಿಗೆ ತಳದಿಂದ ನಿಧಾನವಾಗಿ ನೀರು ಬಿಟ್ಟು ಮತ್ತೆ ತೂಗಲಿ. ಅಷ್ಟು ಸಣ್ಣ ಕಂಬದ ಸುತ್ತ ನೀರು ತಟ್ಟನೆ ಸೋರಿಹೋಗುತ್ತದೆ, ಸಿಕ್ಕಿಬೀಳುವ ನೀರಿನ ಆಟ ಕಾಣುವುದಿಲ್ಲ. ಅದು ಕಾಣಬೇಕಾದರೆ ನೀರಿನ ಬದಲು ದಪ್ಪನೆಯ ದ್ರವ ಬೇಕು. ಸಂಶೋಧಕರು ಇದಕ್ಕೆ ಸಿಲಿಕೋನ್ ಎಣ್ಣೆಯನ್ನೋ ಮೀಥೈಲ್ ಸೆಲ್ಯುಲೋಸ್ ಕಲಸಿದ ನೀರನ್ನೋ ಬಳಸುತ್ತಾರೆ. ಎರಡನೆಯದು ಅಗ್ಗ, ತೊಳೆಯಲೂ ಸುಲಭ. ಅವಳು ಅದರಿಂದಲೇ ಶುರು ಮಾಡಲಿ.